ಪೂಜೆ ಮಾಡಿದ ಗಾಜಿನ ಮೇಲೆ ತಮ್ಮನ ರಕ್ತ

ಶಕುಂತಲಮ್ಮನಿಗೆ ಒಂದು ಹುಚ್ಚಿತ್ತು. ಒಳ್ಳೆಯ ಹುಚ್ಚೇ ಅನ್ನಿ. ಬಟವಾಡಿ ಬಡಾವಣೆಯ ರಕ್ತಪರೀಕ್ಷೆಯ ಲ್ಯಾಬಿಗೆ ಯಾರದೇ ರಕ್ತ ಬರಲಿ, ರಿಪೋರ್ಟ್ ಬರೆದು ಕೈತೊಳೆದುಕೊಳ್ಳುವ ಪೈಕಿ ಅಲ್ಲ ಆಕೆ. ಒಂದೇ ಮನೆಯಲ್ಲಿ ಒಂದೇ ನೆಗಡಿ ಹತ್ತಿದ ಇಬ್ಬರಲ್ಲಿ ಒಬ್ಬ ಎದ್ದು ಓಡಾಡುತ್ತಾನೆ, ಇನ್ನೊಬ್ಬ ಹಾಸಿಗೆ ಹಿಡಿಯುತ್ತಾನೆ, ಯಾಕೆ? ತೊಂಬತ್ತರ ದಶಕದಲ್ಲಿ ಕುಣಿಗಲ್‌ನಿಂದ ಬಂದು ಕೆಲಸಕ್ಕೆ ಸೇರಿದಾಗಿನಿಂದ ಇದನ್ನೇ ಕೇಳಿ ಕೇಳಿ ಲ್ಯಾಬಿನ ಡಾಕ್ಟರ್ ಸದಾಶಿವಯ್ಯನವರ ತಲೆ ತಿಂದಿದ್ದಳು.

ಅವರೇ ಒಂದು ದಿನ ಸಿಆರ್‌ಪಿ ಪರೀಕ್ಷೆ ಕಲಿಸಿದರು. "ಯಾವ ಜ್ವರ ಅಂತ ಇದು ಹೇಳಲ್ಲ ಶಕುಂತಲಮ್ಮ. ಮೈಯೊಳಗೆ ಎಷ್ಟು ಗಲಾಟೆ ಎದ್ದಿದೆ ಅಂತ ಹೇಳುತ್ತೆ." ಕರಿ ಗಾಜಿನ ಮೇಲೆ ರಕ್ತದ ತಿಳಿ ಒಂದು ತೊಟ್ಟು, ಹಾಲಿನಂಥ ದ್ರಾವಣ ಒಂದು ತೊಟ್ಟು ಹಾಕಿ ಅಲ್ಲಾಡಿಸಬೇಕು. ಹಾಲು ಹಾಲಾಗಿಯೇ ಉಳಿದರೆ ನೆಮ್ಮದಿ. ಒಡೆದ ಹಾಲಿನಂತೆ ಗರಣೆಗಟ್ಟಿದರೆ ಹುಷಾರಾಗಿರಬೇಕು.

2009, ಊರೆಲ್ಲ ಹಂದಿಜ್ವರದ ಭಯ. ಆಯುಧಪೂಜೆಯ ದಿನ ಆಕೆ ಲ್ಯಾಬಿನ ಮೆಷಿನ್ನು, ಮೈಕ್ರೋಸ್ಕೋಪು, ಕರಿ ಗಾಜು ಎಲ್ಲಕ್ಕೂ ವಿಭೂತಿ ಬಳಿದು, ಚೆಂಡುಹೂ ಏರಿಸಿದ್ದಳು. ಪೂಜೆಗಿಟ್ಟಿದ್ದನ್ನು ಮಾರನೆಯ ದಿನದವರೆಗೆ ಮುಟ್ಟುವ ಹಾಗಿಲ್ಲ. ಬೀಗ ಹಾಕಬೇಕು ಅನ್ನುವಷ್ಟರಲ್ಲಿ ತಮ್ಮ ಗಂಗಣ್ಣ ಬಂದ. ಗುಬ್ಬಿ ಕಡೆಯ ಖಾಸಗಿ ಬಸ್ಸಿನ ಕಂಡಕ್ಟರ್. ಕೈಯಲ್ಲಿ ಬಸ್ಸಿನ ಪೂಜೆಯ ಕಡ್ಲೆಪುರಿ.

ಹಿಂದಿನ ವಾರ ಮರಳೂರಿನ ಮನೆಯಲ್ಲಿ ಅಕ್ಕತಮ್ಮ ಇಬ್ಬರಿಗೂ ಒಟ್ಟಿಗೇ ನೆಗಡಿ ಹತ್ತಿತ್ತು. ಅಕ್ಕನದು ಹೋಗಿತ್ತು.

"ಏನ್ಲಾ, ಇನ್ನೂ ಕೆಮ್ತಾ ಇದೀಯ?"

"ಬುಡಕ್ಕಾ."

ಅಷ್ಟೇ! ಬಸ್ಸು ತುಂಬ ಬಾಯಿ ಮಾಡುವವನ ಬಾಯಲ್ಲಿ ಒಂದೇ ಮಾತು. ಆಕೆಗೆ ಯಾಕೋ ಕಸಿವಿಸಿಯಾಯಿತು.

"ತೋಳು ಚಾಚು."

"ಪೂಜೆ ಮಾಡ್ಬುಟ್ಟು ಮುಟ್ತಾರೇನೇ? ನಿಂಗೆ ತಲೆ ಕೆಟ್ಟೈತೆ."

"ದೇವ್ರತ್ರ ನಾನು ಮಾತಾಡ್ಕೋತೀನಿ. ಚಾಚೋ!"

ಶಿವಾ ಎಂದು ಕೈಮುಗಿದು ಹೂ ತೆಗೆದಳು. ರಕ್ತ ಎಳೆದು, ಮೆಷಿನ್ ತಿರುಗಿಸಿ ತಿಳಿ ತೆಗೆದಳು. ಗಾಜನ್ನು ಒರೆಸಿ, ತಿಳಿಯನ್ನೂ ದ್ರಾವಣವನ್ನೂ ಹಾಕಿ ಅಲ್ಲಾಡಿಸಿದ್ದೇ ತಡ, ಗರಣೆ ಗರಣೆ!

ಗಂಗಣ್ಣ ಬಗ್ಗಿ ನೋಡಿ ನಕ್ಕ. "ನಿನ್ನ ವಿಭೂತಿ ಕಣೇ ಅದು. ನಂಗೇನೂ ಆಗಿಲ್ಲ. ಊಟಕ್ ನಡಿ."

ಹೌದಲ್ಲ! ಬೆಳಗ್ಗೆ ತಾನೇ ಬಳಿದ ವಿಭೂತಿಯ ಪುಡಿ ಗಾಜಿಗೆ ಅಂಟಿಕೊಂಡಿದ್ದರೆ? ಹೂವು, ವಿಭೂತಿ ಎಂದು ಸಡಗರ ಪಟ್ಟಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ತಮ್ಮನ ಮಾತು ನಂಬಿ ಮನೆಗೆ ಕರೆದೊಯ್ಯುವುದೋ, ಆಸ್ಪತ್ರೆಗೋ? ಗೊತ್ತಾಗಬೇಕಿತ್ತು, ಈಗಲೇ. ತನ್ನ ರೆಟ್ಟೆಗೆ ರಬ್ಬರ್ ಪಟ್ಟಿ ಸುತ್ತಿ, ಹಲ್ಲಿನಿಂದ ಬಿಗಿದು, ತನ್ನ ರಕ್ತವನ್ನೇ ಎಳೆದಳು. ಇದೂ ಅದೇ ನೆಗಡಿ ಕಂಡ ರಕ್ತ. ಗಾಜಿಗೆ ಮತ್ತೆ ವಿಭೂತಿ ತಾಗಿಸಿ, ಬೇಕೆಂದೇ ಹಾಗೆಯೇ ಒರೆಸಿ, ತನ್ನ ತಿಳಿ, ದ್ರಾವಣ ಹಾಕಿದಳು. ಅಲ್ಲಾಡಿಸಿದಳು. ಹಾಲು ಹಾಲಾಗಿಯೇ ಉಳಿಯಿತು. ತಪ್ಪು ವಿಭೂತಿಯದಲ್ಲ. ಆಮೇಲೆ ಗಾಜನ್ನು ಚೆನ್ನಾಗಿ ತೊಳೆದು ತಮ್ಮನದನ್ನು ಮತ್ತೆ ಹಾಕಿದಳು. ಒಡೆಯಿತು.

ಡಾಕ್ಟರಿಗೆ ಫೋನ್ ಮಾಡಿದಳು.

"ಗಾಜು ಒಂದನ್ನೇ ನಂಬಬೇಡಿ," ಎಂದರು ಅವರು. "ಉಸಿರಾಟ ಹೇಗಿದೆ ಕೇಳಿ."

ಶಕುಂತಲಮ್ಮ ಫೋನ್ ಹಿಡಿದೇ ತಿರುಗಿದಳು. "ಗಂಗಾ, ಉಸಿರಾಡಕ್ಕೆ ಕಷ್ಟ ಆಗ್ತೈತಾ?"

ಅವನು ಗಾಜು ನೋಡಿದ. ಈ ಸಲ ನಗಲಿಲ್ಲ.

"ನಿನ್ನೆಯಿಂದ ಕಣಕ್ಕಾ. ಸೀಟಿ ಊದಕ್ಕೂ ಆಗ್ತಿಲ್ಲ. ಹಬ್ಬದ ದಿನ ನಿನ್ನ ಅಳಿಸ್ಬಾರ್ದು ಅಂತ ಹೇಳ್ಲಿಲ್ಲ."

"ಹಬ್ಬ ಹಾಳಾಗ್ ಹೋಗ್ಲಿ ಕಣೋ ಪಾಪಿ," ಎಂದು ಅಳುತ್ತಲೇ ಅವನ ರೆಟ್ಟೆ ಹಿಡಿದು ಆಟೋ ಕೂಗಿದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಗಂಗಣ್ಣ ಉಳಿದ. ಮೊದಲ ಸಲ ಮೂಗಿನ ನಳಿಕೆ ತೆಗೆದಾಗ ಅವನು ಕೇಳಿದ: "ಒಂದೇ ಮನೆ, ಒಂದೇ ನೆಗಡಿ. ನಂಗೇ ಯಾಕಕ್ಕಾ ಹಿಂಗಾಯ್ತು?"

"ಗೊತ್ತಿಲ್ಲ ಕಣೋ," ಎಂದಳು ಶಕುಂತಲಮ್ಮ. "ನೀನು ಉಸಿರಾಡು. ನಾನು ಹುಡುಕ್ತೀನಿ."