ಹುಳುಮನೆ ಬಿಟ್ಟ ಕದಿರಮ್ಮ

ಕುರುಡುಮಲೆಯಿಂದ ಎರಡು ಮೈಲಿ ಈಚೆಗಿನ ಆ ಊರಲ್ಲಿ ಯಾರ ಮನೆಯ ರೇಷ್ಮೆಹುಳು ಹಣ್ಣಾದರೂ ಮೊದಲು ಕರೆಯುತ್ತಿದ್ದುದು ಕದಿರಮ್ಮನನ್ನು. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ವಯಸ್ಸು ನಲವತ್ತೆರಡು. ಓದಿದ್ದು ಆರನೇ ಕ್ಲಾಸು. ದೊಡ್ಡವಳಾದ ವಾರವೇ ಅಪ್ಪ ಪುಸ್ತಕದ ಚೀಲವನ್ನು ಅಟ್ಟಕ್ಕೆಸೆದು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕುಡುಗೋಲು ಕೊಟ್ಟಿದ್ದ. ಯಾಕೆ ಎಂದು ಕೇಳುವ ಗಂಡಸು ಊರಲ್ಲಿ ಒಬ್ಬನೂ ಇರಲಿಲ್ಲ.

ಆ ಸಿಟ್ಟೇ ಅವಳನ್ನು ಪ್ರತಿ ಭಾನುವಾರ ಶಾಲೆಯ ಜಗಲಿಗೆ ತಂದು ಕೂರಿಸುತ್ತಿತ್ತು. ಹನ್ನೊಂದು ಹುಡುಗಿಯರು ಬರುತ್ತಿದ್ದರು. ಪಾಠ ಹೇಳುವಷ್ಟು ಅಕ್ಷರ ಅವಳಿಗಿರಲಿಲ್ಲ. ದೊಡ್ಡವರಿಂದ ಚಿಕ್ಕವರಿಗೆ ಹೇಳಿಸುತ್ತಿದ್ದಳು. ಮುಟ್ಟಿನ ಹೊಟ್ಟೆನೋವಿಗೆ ಏನು ಮಾಡಬೇಕು, ಬಸ್ಸಲ್ಲಿ ಮೈಮೇಲೆ ಬೀಳುವವನಿಗೆ ಏನನ್ನಬೇಕು, ಮದುವೆಯ ಮಾತು ಬಂದರೆ ಮನೆಯಲ್ಲಿ ಹೇಗೆ ಬಾಯಿ ತೆರೆಯಬೇಕು, ಇವನ್ನು ಮಾತ್ರ ತಾನೇ ಹೇಳುತ್ತಿದ್ದಳು.

ಆ ಹನ್ನೊಂದರಲ್ಲಿ ಮುನಿಶಾಮಿಯ ಮಗಳು ರಂಜಿತ ಒಬ್ಬಳು. ಹತ್ತನೇ ಕ್ಲಾಸು. ಗಣಿತದ ಪರೀಕ್ಷೆಯ ದಿನವೇ ಅವರ ಮನೆಯ ಹುಳು ಹಣ್ಣಾಯಿತು.

“ಪರೀಕ್ಷೆ ಇನ್ನೊಂದ್ಸಲ ಬರ್ಕೋಬೌದು ಕಣೇ. ಹುಳ ಕಾಯ್ತದಾ?” ಎಂದ ಮುನಿಶಾಮಿ.

ಮುಟ್ಟಾದ ಹೆಂಗಸು ಹುಳುಮನೆಯ ಹೊಸಿಲು ದಾಟಬಾರದೆಂಬುದು ಆ ಕಡೆಯ ಕಟ್ಟು. ರಂಜಿತ ಅದನ್ನೇ ಹಿಡಿದಳು. “ನಾನು ಹೊರಗಾಗಿದೀನಪ್ಪ” ಎಂದು ಸುಳ್ಳು ಹೇಳಿ, ಅವನು ಬೈಯುತ್ತಿದ್ದಂತೆಯೇ ಮುಳಬಾಗಿಲಿನ ಬಸ್ಸು ಹತ್ತಿ ಪರೀಕ್ಷೆ ಬರೆದು ಬಂದಳು.

ಸಂಜೆ ನೋಡಿದರೆ ಎರಡು ತಟ್ಟೆಯ ಹುಳುಗಳು ಊದಿಕೊಂಡು ಹಾಲಿನಂಥ ನೀರು ಸುರಿಸುತ್ತಿದ್ದವು. ಬೆಳಗ್ಗೆ ಸೊಪ್ಪು ಹೊತ್ತು ತಂದವಳು ರಂಜಿತಳೇ. ಮುನಿಶಾಮಿಗೆ ಇನ್ನೇನು ಬೇಕು! ಅವಳ ಹಾಲ್ ಟಿಕೆಟ್ ಕಿತ್ತುಕೊಂಡು ಕದಿರಮ್ಮನ ಮನೆ ಮುಂದೆ ಬಂದು ನಿಂತ.

“ಹುಡ್ಗೀರು ನಿನ್ನತ್ರ ಎಲ್ಲಾ ಹೇಳ್ಕೋತಾರಂತಲ್ಲ. ಹೇಳು, ನನ್ನ ಮಗಳು ಹೊರಗಾಗಿದ್ಳೋ ಇಲ್ವೋ?”

ಕದಿರಮ್ಮನಿಗೆ ಗೊತ್ತಿತ್ತು. ಬಸ್ಸಿಳಿದವಳೇ ರಂಜಿತ ಅವಳ ಹತ್ತಿರ ಅತ್ತು ಹೇಳಿಕೊಂಡಿದ್ದಳು. ಹೌದೆಂದರೆ ಮೈಲಿಗೆಯಲ್ಲಿ ಸೊಪ್ಪು ಮುಟ್ಟಿ ಬೆಳೆ ಕೆಡಿಸಿದವಳು. ಇಲ್ಲವೆಂದರೆ ಅಪ್ಪನಿಗೆ ಸುಳ್ಳು ಹೇಳಿದವಳು. ಏನು ಹೇಳಿದರೂ ಹುಡುಗಿಯ ಓದು ಅಲ್ಲಿಗೇ ಮುಗಿಯುತ್ತಿತ್ತು.

“ಅವಳ ವಿಷ್ಯ ಬಿಡು ಮುನಿಶಾಮಣ್ಣ. ನನ್ದು ಕೇಳು. ಹೋದ ಬೆಳೇಲಿ ನಿನ್ನ ಹುಳ ಚಂದ್ರಿಕೆಗೆ ಬಿಟ್ಟೋರು ಯಾರು?”

“ನೀನೇ.”

“ಗೂಡು ಹೆಂಗ್ ಬಂತು?”

“ಮಾರ್ಕೆಟ್ಟಲ್ಲಿ ಅಂಥ ಗೂಡು ಯಾರ್ದೂ ಇರ್ಲಿಲ್ಲ. ಅದ್ಯಾಕೀಗ?”

“ಹುಳ ಬಿಟ್ಟ ಎರಡು ದಿನಾನೂ ನಾನು ಹೊರಗಾಗಿದ್ದೆ.”

ಮುನಿಶಾಮಿಯ ಮುಖ ಕಪ್ಪಿಟ್ಟಿತು. “ಥೂ! ನನ್ನ ಹುಳುಮನೇಲಾ?”

“ನಿಂದೊಂದೇ ಅಲ್ಲ. ಇಪ್ಪತ್ತು ವರ್ಷದಿಂದ ಈ ಊರಿನ ಎಲ್ಲಾರ ಹುಳುಮನೇಲೂ. ತಿಂಗಳಿಗೆ ಮೂರು ದಿನ ಕೂಲಿ ಬಿಟ್ಟು ಕೂತಿದ್ರೆ ನೀನು ಬಂದು ನನ್ನ ಒಲೆ ಹಚ್ತಿದ್ಯಾ? ಯಾರ ಬೆಳೆ ಕೆಡ್ತು ನನ್ನಿಂದ, ಹೇಳು!”

ಬೀದಿಯ ಹೆಂಗಸರು ನಿಂತು ಕೇಳುತ್ತಿದ್ದರು. ಅವರಲ್ಲಿ ಎಷ್ಟು ಮಂದಿ ಹಾಗೆಯೇ ಹುಳುಮನೆಗೆ ಹೋಗಿದ್ದರೋ! ಒಬ್ಬೊಬ್ಬರೇ ತಮ್ಮ ತಮ್ಮ ಬಾಗಿಲೊಳಗೆ ಸರಿದರು. ಹಾಳು ಭಯ.

“ನಾಳೆಯಿಂದ ಈ ಊರಲ್ಲಿ ಒಂದು ಹುಳುಮನೆಗೂ ನೀನು ಕಾಲಿಡ್ಬಾರ್ದು” ಎಂದ ಮುನಿಶಾಮಿ.

“ಇಡಲ್ಲ. ಆ ಹಾಲ್ ಟಿಕೆಟ್ ಕೊಡು. ಮುಟ್ಟಿಂದ ಹುಳ ಸಾಯಲ್ಲ ಅಂತ ನಿನಗೂ ಈಗ ಗೊತ್ತಾಯ್ತು.”

ಅವನು ಕೈಗೆ ಕೊಡಲಿಲ್ಲ, ನೆಲಕ್ಕೆ ಬಿಸುಟು ಹೋದ. ಅವಳು ಬಗ್ಗಿ ಎತ್ತಿಕೊಂಡಳು.

ಮುಂದಿನ ಪರೀಕ್ಷೆಗೆ ಮೊದಲು ಬಂದ ಭಾನುವಾರ ಜಗಲಿಗೆ ಬಂದವರು ನಾಲ್ಕೇ ಮಂದಿ. ಉಳಿದವರನ್ನು ತಾಯಂದಿರೇ ತಡೆದಿದ್ದರು. ಹುಳುಕೆಲಸಕ್ಕಂತೂ ಅವಳನ್ನು ಯಾರೂ ಕೂಗಲಿಲ್ಲ.

ವಿಜ್ಞಾನ ಪರೀಕ್ಷೆಯ ಬೆಳಗ್ಗೆ ರಂಜಿತ ಬಸ್ ಸ್ಟಾಪಿಗೆ ಬಂದಳು. ಮುನಿಶಾಮಿ ಹೋಗು ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಕದಿರಮ್ಮನ ಕೈಯಿಂದ ಹಾಲ್ ಟಿಕೆಟ್ ತೆಗೆದುಕೊಂಡು ತಲೆ ತಗ್ಗಿಸಿದಳು.

“ಅಕ್ಕಾ, ನಾನು ಸುಳ್ಳು ಹೇಳಿದ್ದಕ್ಕೇ ಹುಳ ಸತ್ವೇನೋ?”

“ನೀನು ಸುಳ್ಳು ಹೇಳಿದ್ದು ಹುಳಕ್ಕೆ ಹೆಂಗೇ ಗೊತ್ತಾಗ್ತದೆ, ಹುಚ್ಚಿ? ಬಿಸಿಲುಗಾಲದ ರೋಗ ಅದು. ನಿಮ್ಮಪ್ಪ ಮನೆ ತೊಳ್ದು ಔಷಧಿ ಹೊಡೀಲಿಲ್ಲ, ಬಂತು.”

“ನಿನ್ನ ಕೂಲಿ?”

“ನಂಗಲಿ ಕಡೆ ಟೊಮೇಟೊ ಬಿಡ್ಸೋಕೆ ಹೋಗ್ತೀನಿ. ನನ್ನ ಕೂಲಿ ಯೋಚ್ನೆ ನಿನಗ್ಯಾಕೆ? ಬಸ್ ಬಂತು, ಹತ್ತು.”

ರಂಜಿತ ಹತ್ತಿದಳು. ಬಸ್ಸು ತಿರುವು ದಾಟುವವರೆಗೆ ಕದಿರಮ್ಮ ಅಲ್ಲೇ ನಿಂತಿದ್ದಳು. ಆಮೇಲೆ ಕೂಲಿಯಾಳುಗಳ ಟೆಂಪೋ ಬಂತು. ಒಳಗೆ ಕುಳಿತವರೆಲ್ಲ ಬೇರೆ ಊರಿನವರು. ಅವರು ಸ್ವಲ್ಪ ಸರಿದು ಅವಳಿಗೆ ಜಾಗ ಕೊಟ್ಟರು.