ಮದ್ದು ಹಾಕಿದೆ ಅಂದವನು

ದನದ ಡಾಕ್ಟರ ಕೆಲಸವೆಂದರೆ ಅರ್ಧ ವೈದ್ಯ, ಅರ್ಧ ಕುಸ್ತಿ. ಹೋರಿ ತಿವಿದು ನನ್ನ ಪಕ್ಕೆಲುಬು ಎರಡು ಸಲ ಮುರಿದಿದೆ. ಎಮ್ಮೆ ಒದ್ದ ಗುರುತು ಮೊಣಕಾಲ ಮೇಲೆ ಈಗಲೂ ಇದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ನನಗೆ ಈ ಕೆಲಸ ಚೆನ್ನಾಗಿಯೇ ಒಗ್ಗಿತ್ತು. ಪುತ್ತೂರು ಕಡೆಯವನಾದ ನಾನು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸಿರಾದ ಪಶು ಆಸ್ಪತ್ರೆಯಲ್ಲಿದ್ದೆ. ಆಗ ನನ್ನ ಕೈಕೆಳಗೆ ತರಬೇತಿಗೆ ಬಂದವನು ಸುಡಾನಿನ ವಿದ್ಯಾರ್ಥಿ, ಪಶುವೈದ್ಯ ಕಾಲೇಜಿನಲ್ಲಿ ಕೊನೆಯ ವರ್ಷದವನು.

ಅವನ ಜೊತೆಗೇ ಕಾಲೇಜಿನ ಸುತ್ತೋಲೆಯೂ ಬಂತು. ವಿದೇಶಿ ವಿದ್ಯಾರ್ಥಿ ಕೂಲಿ, ಸಂಬಳ ಮುಟ್ಟುವಂತಿಲ್ಲ. ಮಾರ್ಗದರ್ಶಿ ಅಧಿಕಾರಿ, ಅಂದರೆ ನಾನು, ಸ್ಥಳದಲ್ಲಿಲ್ಲದೆ ಯಾವ ಪ್ರಾಣಿಗೂ ಸೂಜಿ ಚುಚ್ಚುವಂತಿಲ್ಲ. ತಪ್ಪಿದರೆ ತರಬೇತಿ ರದ್ದು. ತರಬೇತಿ ರದ್ದಾದರೆ ಡಿಗ್ರಿಯೂ ಇಲ್ಲ, ಈ ದೇಶದಲ್ಲಿರಲು ಪರವಾನಗಿಯೂ ಇಲ್ಲ. ಅವನು ಆ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿ ಜೇಬಿನಲ್ಲಿಟ್ಟುಕೊಂಡ. ನಾನು ಫೈಲಿಗೆ ಹಾಕಿ ಮರೆತೆ.

ಸಿರಾ ಪೇಟೆಯ ಮಟನ್ ಅಂಗಡಿಯವರು ಅವನನ್ನು ಸಲಾಂ ಹೇಳಿ ಕರೆದು ಕೂರಿಸಿ ಚಾ ಕೊಡುತ್ತಿದ್ದರು. ಅವನಿಗೆ ಕನ್ನಡ ಕಲಿಯುವ ಹುಚ್ಚು. ಔಷಧಿ ಅನ್ನುವ ಮಾತು ಮಾತ್ರ ನಾಲಗೆಗೆ ದಕ್ಕಲಿಲ್ಲ. ಒಂದು ದಿನ ರೇಗಿ, "ಹೋಗಲಿ ಮಾರಾಯ, ಮದ್ದು ಅನ್ನು" ಅಂದೆ. ನಮ್ಮೂರ ಕಡೆ ಮದ್ದು ಅಂದರೆ ಔಷಧಿ, ಅಷ್ಟೇ. ಸಿರಾ ಸೀಮೆಯಲ್ಲಿ ಮದ್ದು ಹಾಕುವುದು ಅಂದರೆ ಆಗದವರಿಗೆ ಅನ್ನದಲ್ಲಿ ವಿಷ ಬೆರೆಸಿ ಇಕ್ಕುವುದು. ನಾನು ಆ ಮಾತಾಡಿದಾಗ ರೈತರು ಮುಖ ಮುಖ ನೋಡಿಕೊಂಡು ನಕ್ಕದ್ದುಂಟು. ನನ್ನ ರಾಗಕ್ಕೆ ನಗುತ್ತಾರೆ ಅಂದುಕೊಂಡು ನಾನು ಕೇಳಲೂ ಹೋಗಿರಲಿಲ್ಲ.

ಆ ವರ್ಷ ಮಳೆ ಬಿದ್ದು ಎಳೆ ಹುಲ್ಲು ಮೇಯ್ದ ಕುರಿಗಳಿಗೆ ಕರುಳುಬೇನೆ ಬಂತು. ಮದಲೂರು ಕಡೆಯ ಕುರಿಗಾರ ಅಜ್ಜನೊಬ್ಬ ಬೆಳಿಗ್ಗೆಯೇ ಹೇಳಿಕಳಿಸಿದ. ನನಗೆ ಅವತ್ತು ಸಿರಾದಲ್ಲೇ ಗೆಳೆಯನ ಗೃಹಪ್ರವೇಶದ ಊಟ.

"ನೀವಿಲ್ಲದೆ ಹೇಗೆ ಸಾರ್?" ಎಂದು ವಿದ್ಯಾರ್ಥಿ ಜೇಬು ಮುಟ್ಟಿಕೊಂಡ.

"ನಿನ್ನ ಹಿಂದೆಯೇ ಬರ್ತೇನೆ, ಹೋಗು!" ಎಂದು ಗದರಿದೆ. ಊಟವಾಯಿತು, ಎಲೆ ಅಡಿಕೆಯಾಯಿತು, ಇಸ್ಪೀಟು ಶುರುವಾಯಿತು. ನಾನು ಬೈಕು ಹತ್ತಿದಾಗ ಮೂರು ಗಂಟೆ.

ದೂರದಿಂದಲೇ ಕೂಗು ಕೇಳಿತು. ಕುರಿ ರೊಪ್ಪದ ಮುಂದೆ ಐದು ಕುರಿಗಳು ಕಾಲು ಸೆಟೆದು ಬಿದ್ದಿದ್ದವು. ಬೇನೆ ಆಗಲೇ ಹತ್ತಿದ್ದ ಕುರಿಗಳು, ಯಾವ ಸೂಜಿಗೂ ಉಳಿಯುತ್ತಿರಲಿಲ್ಲ. ನನ್ನ ದಾರಿ ಕಾದು ಸಾಕಾಗಿ ವಿದ್ಯಾರ್ಥಿಯೇ ಮಂದೆಗೆ ಸೂಜಿ ಚುಚ್ಚಿದ್ದ. ಏನು ಮಾಡಿದೆ ಎಂದು ಕೇಳಿದವರಿಗೆ ಇವನು, "ಎಲ್ಲಕ್ಕೂ ಮದ್ದು ಹಾಕಿದೆ" ಅಂದಿದ್ದಾನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಆದರೆ ಕಟ್ಟುವ ಹಗ್ಗ ಕೊಟ್ಟವನು ನಾನೇ ತಾನೆ? ಅಜ್ಜನ ಮಕ್ಕಳು, ಅಳಿಯಂದಿರು ಅವನನ್ನು ಬೇಲಿಯ ಜಾಲಿಮುಳ್ಳಿನ ಮೇಲೆ ಕೆಡವಿ ದೊಣ್ಣೆಯಲ್ಲಿ ಬಡಿಯುತ್ತಿದ್ದರು.

"ಮದ್ದಾಕಿವ್ನಂತೆ ಕಣ್ಲಾ! ಅವ್ನ ಬಾಯಲ್ಲೇ ಬಂತು ನೋಡ್ಲಾ!"

"ಹೌದು, ಮದ್ದು! ಒಳ್ಳೆಯದು! ನಾಳೆಯೂ ಹಾಕುತ್ತೇನೆ!" ಎಂದು ಅವನು ಬಾಯಿತುಂಬ ರಕ್ತ ಇಟ್ಟುಕೊಂಡು ಕೂಗುತ್ತಿದ್ದ. ಕೂಗಿದಷ್ಟೂ ಏಟು ಜೋರಾಗುತ್ತಿತ್ತು. ತಲೆಗೆ ಅಡ್ಡ ಹಿಡಿದ ಬಲಗೈ ಮೇಲೆ ದೊಣ್ಣೆ ಬಿತ್ತು. ಮೂಳೆ ಮುರಿದ ಸದ್ದು ನನಗೂ ಕೇಳಿತು.

ಬೈಕು ಬೀಳಿಸಿ ನುಗ್ಗಿದೆ. ಯಾರದೋ ದೊಣ್ಣೆ ಕಿತ್ತುಕೊಂಡು ಸಿಕ್ಕಸಿಕ್ಕವರಿಗೆ ಬಿಗಿದೆ. ಒಬ್ಬನ ಹಣೆ ಒಡೆಯಿತು. ಅಷ್ಟರಲ್ಲಿ ಅಜ್ಜ ಎರಡೂ ಕೈ ಚಾಚಿ, "ಬುಡ್ರೋ, ಬುಡ್ರೋ" ಎನ್ನುತ್ತ ನಡುವೆ ಬಂದ. ಅವನು ಬಿಡಿಸಲು ಬಂದವನು. ಅದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕೈ ನಿಲ್ಲುತ್ತಿತ್ತೆಂದು ಆಣೆ ಮಾಡಲಾರೆ. ಬೀಸಿದ ದೊಣ್ಣೆ ಅವನ ಬಾಯಿಗೆ ಬಡಿಯಿತು. ಮುಂದಿನ ಎರಡು ಹಲ್ಲು ಅವನ ಅಂಗೈಗೆ ಉದುರಿದವು. ಆಗ ಎಲ್ಲರೂ ನಿಂತರು.

"ಮದ್ದು ಅಂದ್ರೆ ಔಷಧಿ ಕಣ್ರೋ!" ಎಂದು ನಾನು ಕಿರುಚಿದೆ. ರೈತರು ನಗುತ್ತಿದ್ದದ್ದು ಯಾಕೆಂದು ಆಗ ತಿಳಿದಿತ್ತು.

ಮಿಕ್ಕ ಕುರಿಗಳೆಲ್ಲ ಉಳಿದವು. ಪೊಲೀಸ್ ಕೇಸು ಬೇಡವೆಂದು ವಿದ್ಯಾರ್ಥಿಯೇ ಬೇಡಿಕೊಂಡ, ಕೇಸಾದರೆ ತನ್ನ ಪರವಾನಗಿಗೆ ಕುತ್ತು ಎಂದು. ಆದರೆ ಕೈ ಮುರಿದ ಸುದ್ದಿ ಕಾಲೇಜಿಗೆ ಮುಟ್ಟಿ, ಹತ್ತು ದಿನಕ್ಕೆ ಒಬ್ಬ ಅಧಿಕಾರಿ ನಮ್ಮ ಆಸ್ಪತ್ರೆಗೆ ವಿಚಾರಣೆಗೆ ಬಂದು ಅಜ್ಜನನ್ನೂ ಊರವರನ್ನೂ ಕರೆಸಿದರು. ಅವರು ಕೇಳಿದ್ದು ಒಂದೇ ಮಾತು: ಆ ದಿನ ಮಾರ್ಗದರ್ಶಿ ಸ್ಥಳದಲ್ಲಿದ್ದರೇ?

ವಿದ್ಯಾರ್ಥಿ ಕೈಗೆ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದ. ನಾನಿರಲಿಲ್ಲ ಅಂದರೆ ಅವನ ಓದು ಮುಗಿಯಿತು, ನನ್ನ ಕೆಲಸವೂ ಹೋಯಿತು. ಇದ್ದೆ ಅಂದರೆ ಎದುರಿಗೆ ಕೂತ ಊರವರೇ ಸುಳ್ಳು ಅನ್ನುತ್ತಾರೆ. ಅಷ್ಟು ಬಾಯಿ ಮಾಡುವ ನಾನು ಅವತ್ತು ಬಾಯಿ ಬಿಡಲಿಲ್ಲ. ಹೇಡಿಯಾದೆ. ಅಧಿಕಾರಿ ಅಜ್ಜನ ಕಡೆ ತಿರುಗಿದರು.

ಅಜ್ಜ ಮೇಲ್ದುಟಿ ಎತ್ತಿ ತೋರಿಸಿದ. "ಇದ್ರು ಸ್ವಾಮಿ. ಇಲ್ದಿದ್ರೆ ಈ ಹಲ್ಲ ಉದುರ್ಸಿದ್ದು ಯಾರು?"

ಅಧಿಕಾರಿ 'ಹಾಜರಿದ್ದರು' ಎಂದು ಬರೆದುಕೊಂಡರು. ತರಬೇತಿ ಉಳಿಯಿತು. ವಿದ್ಯಾರ್ಥಿ ತಲೆ ಬಗ್ಗಿಸಿ ಬಿಕ್ಕಿದ.

ಅಜ್ಜ ಹೊರಟಾಗ ಹಿಂದೆಯೇ ಓಡಿ ಅಡ್ಡ ನಿಂತೆ. ನಾಚಿಕೆಯಿಂದ ಕೈಮುಗಿದೆ.

"ಅವ್ನ ಕೈಯ ನಮ್ ಐಕ್ಳು ಮುರುದ್ರು. ಓದ್ನೂ ಮುರೀಬೇಕಾ? ಅದ್ಕೆ ಯೋಳ್ದೆ," ಅಂದ ಅಜ್ಜ. "ನಿಮ್ಗೋಸ್ಕರ ಅಲ್ಲ ಡಾಕ್ಟ್ರೇ."

ಹೆಗಲ ಕಂಬಳಿ ಸರಿಮಾಡಿಕೊಂಡು, ಮುಗಿದ ನನ್ನ ಕೈಯನ್ನು ನೋಡದೆ, ಬಸ್ ಸ್ಟ್ಯಾಂಡಿನ ಕಡೆ ನಡೆದ.