ಮೊದಲು ಉಪ್ಪು, ಆಮೇಲೆ ಚಪ್ಪಲಿ

ನಮ್ಮೂರ ಸಾಲ್ಟ್ ಲೇಕ್ ಬಡಾವಣೆಯ ಐಟಿ ಕಂಪನಿಯಲ್ಲಿ ಮೊದಲ ಸಂಬಳ ಪಡೆದ ಮೊಮ್ಮಗಳು ಇವತ್ತು ನನಗೆ ಪಾಠ ಹೇಳಲು ಬಂದಳು. "ತಾತಾ, ಸ್ಯಾಲರಿ ಅನ್ನೋ ವರ್ಡು ಲ್ಯಾಟಿನ್‌ನಲ್ಲಿ ಉಪ್ಪಿಂದ ಬಂದಿದ್ದು, ಗೊತ್ತಾ?"

ಆರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಲ್ಯಾಟಿನ್ ತಿಳಿಯದು. ಆದರೆ ರೈಲ್ವೆ ಗುಮಾಸ್ತನಾಗಿದ್ದ ನನ್ನಪ್ಪ ಸಂಬಳದಲ್ಲಿ ಮೊದಲು ಉಪ್ಪನ್ನೇ ಕೊಳ್ಳುತ್ತಿದ್ದ. ಒಮ್ಮೆ ಸಂಬಳದ ದಿನ ಪೂಜೆ ಹಬ್ಬಕ್ಕೆ ಚಪ್ಪಲಿ ಕೊಡಿಸಲು ನನ್ನನ್ನು ಸಿಯಾಲ್ದಾ ಪೇಟೆಗೆ ಕರೆದೊಯ್ದಾಗ ದಿನಸಿ ಅಂಗಡಿ ಮುಚ್ಚಿತ್ತು. ಉಪ್ಪಿಲ್ಲದೆ ಚಪ್ಪಲಿಯಿಲ್ಲ ಎಂದ. ನಾನು ರಸ್ತೆಯಲ್ಲೇ ಕೂತು ಅತ್ತೆ.

ಅಲ್ಲೇ ಸೌತೆಕಾಯಿ ಹೆಚ್ಚಿ ಮಾರುವವನ ಬಳಿ ಉಪ್ಪು ಕಂಡಿತು.

"ಸೌತೆಕಾಯಿ ತಗೊಳ್ಳಿ ದಾದಾ, ಉಪ್ಪು ಪುಕ್ಕಟೆ" ಎಂದ ಅವನು.

"ಉಪ್ಪಿಗಿಂತ ಮೊದಲು ಏನೂ ಕೊಳ್ಳೋ ಹಾಗಿಲ್ಲ. ಉಪ್ಪಿಗೆ ಕಾಸು ತಗೊಂಡು ಸೌತೆಕಾಯಿ ಪುಕ್ಕಟೆ ಕೊಡಿ" ಎಂದ ಅಪ್ಪ.

ಹುಚ್ಚನಿರಬೇಕೆಂದುಕೊಂಡು ಅವನು ಕೊಟ್ಟುಬಿಟ್ಟ.

ಮೊಮ್ಮಗಳಿಗೆ ಹೇಳಿದೆ: "ನಿನ್ನ ವರ್ಡು ಎಲ್ಲಿಂದಾದ್ರೂ ಬರಲಿ. ನನ್ನ ಚಪ್ಪಲಿ ಬಂದಿದ್ದು ಉಪ್ಪಿಂದ."